ಡಾಕ್ಟರ ಮೇಜಿನ ಮೇಲಿನ ಕಂಪ್ಯೂಟರ್ ಮೂಲೆ ಸೇರುವುದು ಯಾಕೆ?

(ಶಿರಸಿಯಲ್ಲಿ ವೈದ್ಯರು, ನರ್ಸಿಂಗ್ ಮತ್ತು ಕಚೇರಿ ಸಿಬ್ಬಂದಿಯ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಲೆಕ್ಕ ಮಾಡೋಣ. ಬೆಳಗಿನ ಓಪಿಡಿ (ಹೊರರೋಗಿ ವಿಭಾಗ) 4 ತಾಸು, ಬರುವ ರೋಗಿಗಳು 80 ಜನ ಅಂದುಕೊಳ್ಳಿ. ಒಬ್ಬರಿಗೆ ಸಿಗುವುದು 3 ನಿಮಿಷ. ಚಪ್ಪಲಿ ಬಿಟ್ಟು ಒಳಗೆ ಬರುವುದು, ಕೂರುವುದು, ಪ್ಲಾಸ್ಟಿಕ್ ಕೊಟ್ಟೆಯೊಳಗಿನ ಹಳೆ ಚೀಟಿ ಹುಡುಕಿ ತೆಗೆಯುವುದು, ಎಲ್ಲ ಆ ಮೂರು ನಿಮಿಷದೊಳಗೇ. ಇಎಂಆರ್, ಅಂದರೆ ಕಂಪ್ಯೂಟರಿನ ವೈದ್ಯಕೀಯ ದಾಖಲೆ, ತಲೆಗೆ ಬರೇ 40 ಸೆಕೆಂಡು ಹೆಚ್ಚು ತಿಂದರೂ 80 ಜನಕ್ಕೆ 3200 ಸೆಕೆಂಡು ಆಗುತ್ತದೆ. ಅಂದರೆ 53 ನಿಮಿಷ. ಮಧ್ಯಾಹ್ನದ ಊಟ ಹೋಯಿತು, ಇಲ್ಲವೇ ಕೊನೆಯ ಹದಿನೇಳು ಹದಿನೆಂಟು ಜನ ಬಸ್ ತಪ್ಪಿಸಿಕೊಂಡರು.

ಇಂದಿನ ಮಾತೆಲ್ಲ ಈ 53 ನಿಮಿಷದ ಸುತ್ತಲೇ. ವೈದ್ಯರು ಕಂಪ್ಯೂಟರನ್ನು ಯಾಕೆ ಒಪ್ಪುವುದಿಲ್ಲ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರಗಳು ಗೊತ್ತೇ ಇವೆ: ವಯಸ್ಸಾಗಿದೆ, ಟೈಪಿಂಗ್ ಬರುವುದಿಲ್ಲ, ಬದಲಾವಣೆ ಬೇಡ. ಇದೇ ವೈದ್ಯರು ದಿನವಿಡೀ ವಾಟ್ಸಾಪ್‌ನಲ್ಲಿ ಇಸಿಜಿ ಕಳಿಸುತ್ತಾರೆ, ಎಕ್ಸ್‌ರೇ ಫೋಟೋ ನೋಡುತ್ತಾರೆ, ರಾತ್ರಿ ಹನ್ನೊಂದಕ್ಕೂ ಉತ್ತರ ಟೈಪ್ ಮಾಡುತ್ತಾರೆ. ಹಾಗಾಗಿ ಬೆರಳಿನ ಮೇಲೆ ದೂರು ಹಾಕುವುದು ಸುಲಭವೇ ಹೊರತು ಸರಿಯಲ್ಲ.

67 ದೇಶಗಳ ಮಾಹಿತಿ ಸೇರಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ 22 ನಿಮಿಷಕ್ಕೂ ಹೆಚ್ಚು, ಭಾರತದಲ್ಲಿ ಸುಮಾರು 2 ನಿಮಿಷ. ಹೊರರೋಗಿ ವಿಭಾಗಕ್ಕೆಂದು ಮಾರಾಟವಾಗುವ ಎಷ್ಟೋ ತಂತ್ರಾಂಶಗಳ ಮೂಲ ನಕ್ಷೆ ಹುಟ್ಟಿದ್ದು ಹದಿನೈದು ಇಪ್ಪತ್ತು ನಿಮಿಷದ ಭೇಟಿಗಾಗಿ. ಅಂಥದನ್ನು ತಂದು ನಮ್ಮ 3 ನಿಮಿಷದೊಳಗೆ ತುರುಕುತ್ತೇವೆ. ಅಷ್ಟು ಸಮಯ ಇರುವ ಕಡೆಯೂ ಸುಖವಿಲ್ಲ. ಅಮೆರಿಕದಲ್ಲಿ 57 ವೈದ್ಯರ ಕೆಲಸವನ್ನು ಪಕ್ಕದಲ್ಲೇ ನಿಂತು ಅಳೆದ ಅಧ್ಯಯನ 2016ರಲ್ಲಿ ಬಂತು. ರೋಗಿಯ ಜೊತೆಗಿನ ಪ್ರತಿ 1 ತಾಸಿಗೆ ಕಂಪ್ಯೂಟರ್ ಮತ್ತು ಮೇಜಿನ ಕೆಲಸಕ್ಕೆ ಹತ್ತಿರ ಹತ್ತಿರ 2 ತಾಸು ಹೋಗುತ್ತಿತ್ತು. ಲಾಸ್ ಏಂಜಲಿಸ್‌ನ ಸೀಡರ್ಸ್ ಸೈನಾಯ್ ಆಸ್ಪತ್ರೆ 2002ರಲ್ಲಿ ವೈದ್ಯರೇ ಕಂಪ್ಯೂಟರಿನಲ್ಲಿ ಆದೇಶ ಬರೆಯುವ ದುಬಾರಿ ವ್ಯವಸ್ಥೆ ತಂದಿತು. ನೂರಾರು ವೈದ್ಯರು ತಿರುಗಿಬಿದ್ದರು, 2003ರ ಆರಂಭದಲ್ಲೇ ಅದನ್ನು ನಿಲ್ಲಿಸಬೇಕಾಯಿತು. ಕೈಯಲ್ಲಿ ಕ್ಷಣದಲ್ಲಿ ಬರೆದು ಮುಗಿಸುತ್ತಿದ್ದ ಆದೇಶಕ್ಕೆ ಅದು ನಿಮಿಷಗಟ್ಟಲೆ ಹಿಡಿಸುತ್ತಿತ್ತು ಎಂಬುದು ಮುಖ್ಯ ದೂರು. ದುಡ್ಡಿಗೂ ಅಲ್ಲಿ ಕೊರತೆ ಇರಲಿಲ್ಲ, ಇಂಗ್ಲಿಷಿಗೂ ಕೊರತೆ ಇರಲಿಲ್ಲ.

ಹೊಸ ತಂತ್ರಜ್ಞಾನವನ್ನು ಜನ ಒಪ್ಪುವ ಬಗೆಯನ್ನು ಫ್ರೆಡ್ ಡೇವಿಸ್ 1989ರಲ್ಲಿ ಎರಡು ಪ್ರಶ್ನೆಗೆ ಇಳಿಸಿದರು. ಇದರಿಂದ ನನ್ನ ಕೆಲಸಕ್ಕೆ ಉಪಯೋಗ ಇದೆಯೆ? ಇದನ್ನು ಬಳಸುವುದು ಸಲೀಸೆ? ಮಾರುವವರು ಎರಡನೆಯದನ್ನೇ ಹಿಡಿದುಕೊಂಡು ಕೂರುತ್ತಾರೆ: ಬಣ್ಣದ ಗುಂಡಿ, ಚಂದದ ಪರದೆ. ವೈದ್ಯರ ತಕ್ಕಡಿಯಲ್ಲಿ ತೂಗುವುದು ಮೊದಲನೆಯದು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ತಲುಪಿಸಿ ವಾಟ್ಸಾಪ್ ಗುಂಪಿನಲ್ಲಿ ತಜ್ಞರ ಉತ್ತರ ಸಿಗುವ ವ್ಯವಸ್ಥೆ ಕಟ್ಟಿದರಲ್ಲ, ಅಲ್ಲಿ ಆದದ್ದು ಇದೇ. ಇಸಿಜಿ ಕಳಿಸಿದವರಿಗೇ, ರೋಗಿ ಎದುರಿಗೆ ಇರುವಾಗಲೇ, ಉತ್ತರ ಬಂತು. ಅಷ್ಟು ಸಾಕಾಯಿತು.

ಇಎಂಆರ್‌ನಲ್ಲಿ ಇದು ತಿರುಗಾಮುರುಗಾ. ಟೈಪ್ ಮಾಡುವವರು ವೈದ್ಯರು. ಲಾಭ ಯಾರಿಗೆ? ಬಿಲ್ಲಿಂಗ್ ಕೌಂಟರಿಗೆ, ಔಷಧಿ ದಾಸ್ತಾನಿಗೆ, ತಿಂಗಳ ವರದಿ ಕೇಳುವ ಮೇಲಿನ ಕಚೇರಿಗೆ. ಅಡಿಗೆ ಮಾಡಿದವರಿಗೆ ಎಲೆಯೇ ಹಾಕದ ಹಾಗೆ. ವೈದ್ಯರಿಗೆ ಎಲೆ ಹಾಕುವ ಜಾಗ ಒಂದೇ, ಅದು ಅದೇ ರೋಗಿಯ ಎರಡನೇ ಭೇಟಿ. ಮೊದಲ ಭೇಟಿಯಲ್ಲಿ ಕಂಪ್ಯೂಟರ್ ಯಾವತ್ತೂ ಕೈಬರಹಕ್ಕಿಂತ ನಿಧಾನ, ಅದನ್ನು ಒಪ್ಪಿಕೊಂಡುಬಿಡೋಣ. ಎರಡನೇ ಸಲ ಬಂದಾಗ ಹಿಂದಿನ ಬಿಪಿ, ಶುಗರ್, ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತೋರಿಸುವ ರಕ್ತ ಪರೀಕ್ಷೆ), ಕೊಟ್ಟ ಮಾತ್ರೆ, ಆಗದ ಮಾತ್ರೆ ಎಲ್ಲ ಒಂದೇ ಪರದೆಯಲ್ಲಿ ಕಂಡರೆ, ಹಳೆ ಮದ್ದನ್ನೇ ಒಂದು ಒತ್ತಿಗೆ ಮತ್ತೆ ಬರೆಯಲು ಬಂದರೆ, ಆಗ ಉಳಿಯುವ ಒಂದೂವರೆ ನಿಮಿಷವೇ ವೈದ್ಯರ ಮನಸ್ಸು ಬದಲಿಸುತ್ತದೆ. ಮುಂದೆ ಹೇಳುವುದೆಲ್ಲ ಆ ಎರಡನೇ ಭೇಟಿಯನ್ನು ಕೆಡಿಸುವ, ಇಲ್ಲವೇ ಕೂಡಿಸುವ ಸಂಗತಿಗಳು.

ಮೊದಲು ಕೆಡುವುದು ಚೀಟಿ ಮಾಡಿಸುವ ಕಿಟಕಿಯಲ್ಲಿ. ರೋಗಿಯ ಹಳೆ ದಾಖಲೆ ಸಿಗದಿದ್ದರೆ ಎರಡನೇ ಭೇಟಿ ಎಂಬುದೇ ಇಲ್ಲ, ಪ್ರತಿ ಸಲವೂ ಮೊದಲನೆಯದೇ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಕಷ್ಟ ಸ್ವಲ್ಪ ಹೆಚ್ಚು. ಘಟ್ಟದ ಮೇಲೆ ಗಣಪತಿ ಹೆಗಡೆ ಎಂದು ಹುಡುಕಿದರೆ ಪರದೆ ತುಂಬ ಗಣಪತಿ ಹೆಗಡೆಯರು. ಕೆಳಗೆ ಕುಮಟಾ, ಹೊನ್ನಾವರದಲ್ಲಿ ಮಂಜುನಾಥ ನಾಯ್ಕ ಎಂದು ಹುಡುಕಿ ನೋಡಿ. ನಾಯ್ಕ, ನಾಯಕ, ನಾಯ್ಕ್ ಎಂದು ಮೂರು ಬಗೆ ಬರೆದರೆ ಯಂತ್ರಕ್ಕೆ ಮೂವರು. ಅಂಕೋಲೆಯ ನಾಯಕರೂ ಸಿದ್ದಾಪುರದ ನಾಯ್ಕರೂ ನಿಜಕ್ಕೂ ಬೇರೆಯೇ ಆಗಿರುವುದರಿಂದ ಕಾಗುಣಿತವನ್ನು ಒಂದೇ ಮಾಡಿಬಿಡೋಣ ಎನ್ನುವಂತೆಯೂ ಇಲ್ಲ. ಹುಟ್ಟಿದ ತಾರೀಖು ಗೊತ್ತಿಲ್ಲದ ಅಜ್ಜ ಅಜ್ಜಿಯರಿಗೆಲ್ಲ ತಂತ್ರಾಂಶ ಜನವರಿ 1 ಎಂದು ತುಂಬುತ್ತದೆ, ಅರ್ಧ ಊರು ಒಂದೇ ದಿನ ಹುಟ್ಟಿದ ಹಾಗೆ. ಮೊಬೈಲ್ ನಂಬರು ಬೆಂಗಳೂರಿನಲ್ಲಿರುವ ಮಗನದು, ಮನೆಯ ಐದು ಜನಕ್ಕೂ ಅದೇ.

ಆದ್ದರಿಂದ ಹೆಸರು ಒಂದರಿಂದಲೇ ಹುಡುಕಬಾರದು. ಮೊಬೈಲಿನ ಕೊನೆಯ ನಾಲ್ಕು ಅಂಕಿ, ಹುಟ್ಟಿದ ವರ್ಷ, ಊರು (ತಾಲೂಕು ಸಾಲದು, ಮಜರೆಯ ಹೆಸರೇ ಬೇಕು) ಇವು ಮೂರೂ ಹೊಂದಿದರೆ ಮಾತ್ರ ಅದೇ ವ್ಯಕ್ತಿ. ಎರಡು ಹೊಂದಿದರೆ ತಂದೆಯ ಅಥವಾ ಗಂಡನ ಹೆಸರು ಕೇಳಬೇಕು. ಒಬ್ಬರಿಗೆ ಎರಡು ದಾಖಲೆ ಆದರೆ ಒಂದರಲ್ಲಿ ಬರೆದ ಪೆನಿಸಿಲಿನ್ ಅಲರ್ಜಿ ಇನ್ನೊಂದರಲ್ಲಿ ಕಾಣುವುದಿಲ್ಲ, ಅದು ಅಪಾಯವೇ. ಇಬ್ಬರನ್ನು ಒಂದು ದಾಖಲೆಯಲ್ಲಿ ಸೇರಿಸಿದರೆ ಇನ್ನೂ ದೊಡ್ಡ ಅಪಾಯ, ಯಾಕೆಂದರೆ ಆಮೇಲೆ ಯಾವ ಶುಗರ್ ಯಾರದು ಎಂದು ಬಿಡಿಸುವುದು ಬಹಳ ಕಷ್ಟ. ಗಡಿಬಿಡಿಯ ಹೊತ್ತಿನಲ್ಲಿ ಕೌಂಟರಿನವರಿಗೆ ದಾಖಲೆ ಕೂಡಿಸುವ ಅಧಿಕಾರ ಬೇಡ. ವಾರಕ್ಕೊಮ್ಮೆ ಒಬ್ಬರೇ ಕೂತು ಆ ಕೆಲಸ ಮಾಡಲಿ. ರೋಗಿಯ ಹತ್ತಿರ ಆಭಾ ಸಂಖ್ಯೆ, ಅಂದರೆ ಸರ್ಕಾರ ಕೊಡುವ 14 ಅಂಕಿಯ ಡಿಜಿಟಲ್ ಆರೋಗ್ಯ ಗುರುತು, ಇದ್ದರೆ ಈ ತಲೆನೋವು ಬಹಳ ಮಟ್ಟಿಗೆ ಕಡಿಮೆ. ಆದರೆ ಅದಿಲ್ಲವೆಂದು ಯಾರನ್ನೂ ಸಾಲಿನಿಂದ ಹೊರಗೆ ನಿಲ್ಲಿಸುವ ಹಾಗಿಲ್ಲ, ಆಭಾ ರೋಗಿಯ ಇಚ್ಛೆಗೆ ಬಿಟ್ಟದ್ದು.

ಎರಡನೆಯದು ನರ್ಸ್ ಮೇಜು. ತೂಕ, ಬಿಪಿ, ನಾಡಿ, ಜ್ವರ ಇದ್ದರೆ ಉಷ್ಣಾಂಶ, ಮಧುಮೇಹಿಗಳ ಶುಗರ್, ಇಷ್ಟು ವೈದ್ಯರ ಕೋಣೆಗೆ ಬರುವ ಮೊದಲೇ ಒಳಗೆ ಹೋಗಿರಬೇಕು. ಎತ್ತರ ವಯಸ್ಕರಿಗೆ ಒಮ್ಮೆ ಸಾಕು. ಪ್ರತಿ ಸಲ ಕೇಳುವ ತಂತ್ರಾಂಶವಾದರೆ ಆ ಕಾಲಂ ತೆಗೆಸಿ. ಅಲರ್ಜಿ ಕೇಳುವುದೂ ಇಲ್ಲಿಯೇ ಆಗಲಿ, ಆದರೆ ಅದಕ್ಕೆ ಮೂರು ಉತ್ತರ ಇರಬೇಕು: ಇದೆ, ಇಲ್ಲ, ಕೇಳಿಲ್ಲ. ಖಾಲಿ ಬಿಟ್ಟ ಜಾಗವನ್ನು "ಇಲ್ಲ" ಎಂದು ಓದಿಕೊಳ್ಳುವುದೇ ಅನಾಹುತಕ್ಕೆ ದಾರಿ.

ಈಗ ಮದ್ದಿನ ಚೀಟಿ. ಇಎಂಆರ್ ಉಳಿಯುವುದೋ ಸಾಯುವುದೋ ಇಲ್ಲಿಯೇ ತೀರ್ಮಾನವಾಗುತ್ತದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಸಾಮಾನ್ಯ ಓಪಿಡಿಯ ವೈದ್ಯರು ದಿನನಿತ್ಯ ಬರೆಯುವ ಮದ್ದು ನಲವತ್ತು ಐವತ್ತು ಮೀರುವುದಿಲ್ಲ. ತಂತ್ರಾಂಶದ ಪಟ್ಟಿಯಲ್ಲಿ ಮಾತ್ರ ಹತ್ತಾರು ಸಾವಿರ ಬ್ರಾಂಡು. "ಮೆಟ್" ಎಂದು ಇಂಗ್ಲಿಷಿನ ಮೂರು ಅಕ್ಷರ ಒತ್ತಿದರೆ ಮೆಟ್‌ಫಾರ್ಮಿನ್, ಮೆಟೊಪ್ರೊಲಾಲ್, ಮೆಟ್ರೊನಿಡಜೋಲ್ ಒಂದರ ಕೆಳಗೆ ಒಂದು ಸಾಲಾಗಿ ಬರುತ್ತವೆ. ಕೈ ಒಂದು ಗೆರೆ ಜಾರಿದರೆ ಶುಗರ್ ಮಾತ್ರೆಯ ಬದಲು ಬಿಪಿ ಮಾತ್ರೆ. ಕೈಬರಹ ಕೆಟ್ಟಿದ್ದರೆ ಮೆಡಿಕಲ್ ಶಾಪಿನವರು ಅನುಮಾನ ಬಂದು ಕೇಳುತ್ತಾರೆ. ಅಚ್ಚಾಗಿ ಬಂದ ತಪ್ಪನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಪ್ರತಿ ವೈದ್ಯರಿಗೂ ಅವರದೇ ಕಿರುಪಟ್ಟಿ ಮೊದಲ ದಿನಕ್ಕೇ ತಯಾರಿರಬೇಕು. ಹಿಂದಿನ 200 ಚೀಟಿಯ ಫೋಟೋ ತೆಗೆದು ಎಣಿಸಿದರೆ ಪಟ್ಟಿ ತಾನಾಗಿ ಸಿಗುತ್ತದೆ. ಪ್ರತಿ ಮದ್ದಿಗೂ ಆ ವೈದ್ಯರು ಸಾಮಾನ್ಯವಾಗಿ ಬರೆಯುವ ಪ್ರಮಾಣ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ, ಊಟದ ಮೊದಲೋ ನಂತರವೋ ಎಲ್ಲ ಮೊದಲೇ ತುಂಬಿರಲಿ; ಒಟ್ಟು ಮಾತ್ರೆ ಎಷ್ಟೆಂದು ಯಂತ್ರ ಲೆಕ್ಕ ಹಾಕಲಿ. ಆಗ ಒಂದು ಮದ್ದಿಗೆ ಎರಡು ಒತ್ತು ಸಾಕು. ಎಂಟು ಒತ್ತು ಬೇಕೆಂದರೆ ವೈದ್ಯರು ಹಳೆ ಪೆನ್ನು ತೆಗೆಯುತ್ತಾರೆ, ನಾವಾದರೂ ತೆಗೆಯುತ್ತೇವೆ.

ಮಕ್ಕಳ ವಿಷಯದಲ್ಲಿ ಈ ಮೊದಲೇ ತುಂಬಿದ ಪ್ರಮಾಣವೇ ಹಗೆ. ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಕಿಲೋಗೆ 15 ಮಿ.ಗ್ರಾಂ ಲೆಕ್ಕದಲ್ಲಿ 12 ಕಿಲೋ ಮಗುವಿಗೆ ಒಂದು ಸಲಕ್ಕೆ 180 ಮಿ.ಗ್ರಾಂ. 5 ಮಿ.ಲೀ.ನಲ್ಲಿ 120 ಮಿ.ಗ್ರಾಂ ಇರುವ ಸಿರಪ್ ಆದರೆ 7.5 ಮಿ.ಲೀ., 250 ಮಿ.ಗ್ರಾಂ ಇರುವುದಾದರೆ 3.6 ಮಿ.ಲೀ. ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕ. 7.5 ಎಂಬ ಅಂಕಿ ಹಾಗೇ ಉಳಿದು ಸಿರಪ್ ಮಾತ್ರ ಗಟ್ಟಿಯದಾದರೆ ಮಗುವಿನ ಹೊಟ್ಟೆಗೆ ಹೋಗುವುದು 375 ಮಿ.ಗ್ರಾಂ, ಬೇಕಾದ್ದರ ಎರಡು ಪಟ್ಟಿಗೂ ಹೆಚ್ಚು. ಮಕ್ಕಳ ಚೀಟಿಯಲ್ಲಿ ಇವತ್ತಿನ ತೂಕ ತುಂಬದೆ ಮುಂದೆ ಹೋಗದ ಹಾಗಿರಬೇಕು. ವೈದ್ಯರು ಬರೆಯುವುದು ಮಿ.ಗ್ರಾಂ, ಮಿ.ಲೀ. ಮಾಡುವುದು ಯಂತ್ರ. ಅಚ್ಚಿನಲ್ಲಿ ಎರಡೂ ಇರಲಿ.

ಅಚ್ಚು ಯಾವ ಭಾಷೆಯಲ್ಲಿ? ಮದ್ದಿನ ಹೆಸರು ಇಂಗ್ಲಿಷಿನಲ್ಲಿ ದಪ್ಪ ಅಕ್ಷರದಲ್ಲಿ ಬರಲಿ, ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಗೆ 2016ರಲ್ಲಿ ಆದ ತಿದ್ದುಪಡಿಯೂ ಜನರಿಕ್ ಹೆಸರು (ಬ್ರಾಂಡಿನದಲ್ಲ, ಮೂಲ ಮದ್ದಿನದು), ಓದಲು ಬರುವ ಅಕ್ಷರ ಎಂದೇ ಹೇಳುತ್ತದೆ. ತೆಗೆದುಕೊಳ್ಳುವ ಕ್ರಮ ಮಾತ್ರ ಕನ್ನಡದಲ್ಲಿ: "ಬೆಳಿಗ್ಗೆ 1, ರಾತ್ರಿ 1, ಊಟ ಆದಮೇಲೆ, 5 ದಿನ." 1-0-1 ಎಂಬುದು ವೈದ್ಯರಿಗೂ ಅಂಗಡಿಯವರಿಗೂ ಗೊತ್ತು, ಅಜ್ಜಿಗೆ ಅದು ಫೋನ್ ನಂಬರು. ವೈದ್ಯರು ಕೈಯಿಂದ ಯಾವತ್ತೂ ಕೊಡಲಾಗದ್ದನ್ನು ಯಂತ್ರ ಕೊಡುವ ಕೆಲವೇ ಜಾಗಗಳಲ್ಲಿ ಇದೊಂದು. ರೋಗಿ ಚೀಟಿ ಹಿಡಿದುಕೊಂಡು ಮತ್ತೆ ಬಾಗಿಲಿಗೆ ಬಂದು "ಇದು ಯಾವಾಗ ತಗಳ್ಳೋದು ಡಾಕ್ಟ್ರೇ?" ಎಂದು ಕೇಳುವುದು ನಿಂತರೆ, ಅದೂ ಉಳಿದ ಸಮಯವೇ.

ರೋಗದ ವಿವರ ಬರೆಯುವ ಜಾಗದಲ್ಲಿ ಸಲಹೆ ಉಲ್ಟಾ: ಕಡಿಮೆ ಗುಂಡಿ, ಹೆಚ್ಚು ಬಿಡಿ ಜಾಗ. ಎದೆಯಲ್ಲಿ ಸಂಕಟ ಎಂದು ಹೇಳಿದವರಿಗೆ ಪಟ್ಟಿಯಿಂದ ಉರಿಯೋ ನೋವೋ ಎಂದು ಆರಿಸಲೇಬೇಕು ಎಂದರೆ, ಆರಿಸಿದ ಕ್ಷಣವೇ ಅರ್ಧ ಸುಳ್ಳು ದಾಖಲಾಯಿತು. ಕಾರವಾರದಲ್ಲಿ ರೋಗಿ ಕೊಂಕಣಿಯಲ್ಲಿ ಹೇಳುತ್ತಾರೆ, ಭಟ್ಕಳದಲ್ಲಿ ನವಾಯತಿಯಲ್ಲಿ, ಹಳಿಯಾಳದ ಕಡೆ ಮರಾಠಿಯಲ್ಲಿ; ಅವರ ಮಾತನ್ನೇ ಕನ್ನಡ ಅಕ್ಷರದಲ್ಲಿ ಒಂದು ಸಾಲು ಬರೆದಿಡಲು ಜಾಗ ಬೇಕು. ರೋಗನಿರ್ಣಯಕ್ಕೆ ಸಂಕೇತ ಬೇಕು, ನಿಜ. ರೋಗಗಳಿಗೆ ಸಂಕೇತ ಕೊಡುವ ಅಂತರರಾಷ್ಟ್ರೀಯ ಸ್ನೋಮೆಡ್ ಸಿಟಿ ಪದಕೋಶಕ್ಕೆ ಭಾರತ 2014ರಲ್ಲೇ ಸದಸ್ಯ ಆಗಿರುವುದರಿಂದ ಇಲ್ಲಿ ಅದನ್ನು ಬಳಸಲು ಶುಲ್ಕವಿಲ್ಲ. ಆದರೆ ಸಂಕೇತ ಪರದೆಯ ಹಿಂದೆ ಇರಲಿ. ವೈದ್ಯರಿಗೆ ಕಾಣಬೇಕಾದ್ದು ಅವರು ಬರೆಯುವ ಮಾತು.

ಗುಂಡಿ ಬೇಕಾಗುವುದು ಮರೆತರೆ ದುಬಾರಿಯಾಗುವ ಪ್ರಶ್ನೆಗೆ. ಡಿಸೆಂಬರಿನಿಂದ ಮೇ ತನಕ ಸಿದ್ದಾಪುರ, ಶಿರಸಿ, ಹೊನ್ನಾವರದ ಘಟ್ಟದ ಬದಿಯಿಂದ ಜ್ವರ ಎಂದು ಬಂದವರಿಗೆ ಮಂಗನ ಕಾಯಿಲೆಯ ಪ್ರಶ್ನೆ ಬೇಕೇ ಬೇಕು: ಹಿಂದಿನ ಎರಡು ವಾರದಲ್ಲಿ ಕಾಡಿಗೆ ಹೋಗಿದ್ದಿರಾ, ಉಣುಗು ಕಚ್ಚಿದೆಯಾ, ಹತ್ತಿರದಲ್ಲಿ ಮಂಗ ಸತ್ತಿದೆಯಾ? ದರಕು (ಉದುರಿದ ಒಣ ಎಲೆ) ತರಲು ಬೆಟ್ಟಕ್ಕೆ ಹೋಗಿ ಬಂದವರು "ಕಾಡಿಗೆ ಹೋಗಿಲ್ಲ" ಎನ್ನುವುದುಂಟು, ಅವರಿಗೆ ಅದು ಕಾಡಲ್ಲ, ತಮ್ಮ ಸೊಪ್ಪಿನಬೆಟ್ಟ. ಹಾಗಾಗಿ ಪ್ರಶ್ನೆಯಲ್ಲೇ "ಬೆಟ್ಟ, ದರಕು, ಕಟ್ಟಿಗೆ" ಎಂಬ ಪದ ಇರಲಿ. ಜೂನ್ ಬಂದ ಕೂಡಲೇ ಆ ಪ್ರಶ್ನೆ ಮುಚ್ಚಿ ಇಲಿಜ್ವರದ್ದು ತೆರೆಯಲಿ: ಗದ್ದೆ ಕೆಸರಿನಲ್ಲಿ ಕೆಲಸ, ಕಾಲಿನಲ್ಲಿ ಗಾಯ, ಮೀನಖಂಡ ನೋವು, ಕಣ್ಣು ಕೆಂಪು. ವರ್ಷವಿಡೀ ಎಲ್ಲ ಪ್ರಶ್ನೆಯೂ ತೆರೆದಿದ್ದರೆ ಎಲ್ಲದಕ್ಕೂ "ಇಲ್ಲ" ಎಂದು ಒತ್ತಿ ಮುಂದೆ ಹೋಗುವ ಅಭ್ಯಾಸ ಬೆಳೆಯುತ್ತದೆ. ಹದಿನೈದು ದಿನಕ್ಕೊಮ್ಮೆ ಇದನ್ನು ಬದಲಿಸುವ ಕೀಲಿ ಆಸ್ಪತ್ರೆಯವರ ಕೈಯಲ್ಲೇ ಇರಬೇಕು. ಕಂಪನಿಗೆ ಇಮೇಲ್ ಹಾಕಿ ಕಾಯುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ.

ಎಚ್ಚರಿಕೆಯ ಪೆಟ್ಟಿಗೆಗಳದ್ದೂ ಇದೇ ಕಥೆ. ಮದ್ದಿನ ಅಪಾಯ ಹೇಳಲು ಪರದೆಯಲ್ಲಿ ಹಾರುವ ಸೂಚನೆಗಳಲ್ಲಿ 49ರಿಂದ 96 ಪ್ರತಿಶತವನ್ನು ವೈದ್ಯರು ಪಾಲಿಸದೇ ದಾಟುತ್ತಾರೆ ಎಂದು 2006ರ ಪರಾಮರ್ಶೆಯೊಂದು ಲೆಕ್ಕ ಕೊಟ್ಟಿತ್ತು. ಎಲ್ಲದಕ್ಕೂ ಕೂಗುವ ನಾಯಿಗೆ ಯಾರೂ ಎದ್ದು ಬರುವುದಿಲ್ಲ. ದಾರಿ ಅಡ್ಡಗಟ್ಟುವ ಸೂಚನೆ ನಾಲ್ಕೇ ಸಾಕು: ದಾಖಲಾದ ಅಲರ್ಜಿ, ಬಸುರಿಗೆ ಬಿಪಿಯ ಎನಲಾಪ್ರಿಲ್‌ನಂಥ ಮದ್ದು, ಇಜಿಎಫ್‌ಆರ್ (ಮೂತ್ರಪಿಂಡ ರಕ್ತ ಸೋಸುವ ಪ್ರಮಾಣ) 30ಕ್ಕಿಂತ ಕೆಳಗಿದ್ದಾಗ ಮೆಟ್‌ಫಾರ್ಮಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಮೆಟ್ರೊನಿಡಜೋಲ್‌ನಂಥದು. ಉಳಿದವು ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬಿದ್ದಿರಲಿ.

ನಕಲು ಮಾಡುವ ಗುಂಡಿಯ ಬಗ್ಗೆ ಒಂದು ಮಾತು. ಹಿಂದಿನ ಮದ್ದನ್ನು ನಕಲಿಸುವುದು ವರ, ಹಿಂದಿನ ಪರೀಕ್ಷೆಯನ್ನು ನಕಲಿಸುವುದು ಶಾಪ. "ಪಾದ: ಸರಿಯಿದೆ" ಎಂದು ಒಮ್ಮೆ ಬರೆದದ್ದು ಆರು ಭೇಟಿಯಲ್ಲಿ ಹಾಗೇ ಮುಂದೆ ಹೋಗುತ್ತದೆ, ಏಳನೇ ಸಲ ಮಧುಮೇಹಿಯ ಹೆಬ್ಬೆರಳು ಕಪ್ಪಾಗಿದೆ. ನ್ಯಾಯಾಲಯದಲ್ಲಿ ಆ ಆರು ಸಾಲು ವೈದ್ಯರ ಪರ ನಿಲ್ಲುವುದಿಲ್ಲ. ಪರೀಕ್ಷೆಯ ಜಾಗ ಪ್ರತಿ ಸಲ ಖಾಲಿಯಾಗಿಯೇ ತೆರೆಯಲಿ.

ಇನ್ನು ನಮ್ಮ ಮಳೆ, ನಮ್ಮ ಕರೆಂಟು. ಜೂನ್‌ನಿಂದ ಸೆಪ್ಟೆಂಬರ್ ತನಕ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವುದು ಯಾರಿಗೂ ಹೇಳಬೇಕಾಗಿಲ್ಲ. ಮೇಜಿನ ಕೆಳಗಿನ 600 ವಿಎ ಯುಪಿಎಸ್ ಇರುವುದು ಕಂಪ್ಯೂಟರನ್ನು ಸರಿಯಾಗಿ ಮುಚ್ಚುವುದಕ್ಕೆ, ಓಪಿಡಿ ನಡೆಸುವುದಕ್ಕಲ್ಲ; ಅದು ಹದಿನೈದು ಇಪ್ಪತ್ತು ನಿಮಿಷದ ಜೀವ. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಅವರ್ ಇದೆ. ಬ್ಯಾಟರಿ ಪೂರ್ತಿ ಖಾಲಿ ಮಾಡಬಾರದು, ಇನ್ವರ್ಟರ್ ತಾನೂ ಸ್ವಲ್ಪ ತಿನ್ನುತ್ತದೆ, ಕೈಗೆ ಸಿಗುವುದು ಸುಮಾರು 900. ಎರಡು ಡೆಸ್ಕ್‌ಟಾಪ್ ಮತ್ತು ರೂಟರ್ ಸೇರಿ 270 ವ್ಯಾಟ್ ಆದರೆ 3 ತಾಸು ಚಿಲ್ಲರೆ. ಅದೇ ಎರಡು ಲ್ಯಾಪ್‌ಟಾಪ್ ಆದರೆ ಬೆಳಗಿನ ಓಪಿಡಿ ಆರಾಮವಾಗಿ ದಾಟುತ್ತದೆ. ಲೇಸರ್ ಪ್ರಿಂಟರನ್ನು ಈ ಸಾಲಿಗೆ ಸಿಕ್ಕಿಸಬೇಡಿ. ಅದು ಬಿಸಿಯಾಗುವ ಕ್ಷಣ ನೂರಾರು ವ್ಯಾಟ್ ಎಳೆದು ಸಣ್ಣ ಯುಪಿಎಸ್ಸನ್ನು ಕೆಡವುತ್ತದೆ. ಇಂಕ್ ಟ್ಯಾಂಕ್ ಪ್ರಿಂಟರ್ ಸಾಕು. ರೂಟರ್ ಜೊತೆಗೆ ಫೈಬರಿನ ಪೆಟ್ಟಿಗೆಗೂ ಇನ್ವರ್ಟರ್ ಪಾಯಿಂಟು ಕೊಡಲು ಮರೆಯುವವರೇ ಹೆಚ್ಚು. ಕಂಪ್ಯೂಟರ್ ಉರಿಯುತ್ತಿರುತ್ತದೆ, ನೆಟ್ ಇರುವುದಿಲ್ಲ.

ನೆಟ್ ಹೋದಾಗ ನಿಂತುಬಿಡುವ ತಂತ್ರಾಂಶವನ್ನು ಈ ಜಿಲ್ಲೆಯಲ್ಲಿ ಕೊಳ್ಳಲೇಬೇಡಿ. ದಾಖಲೆ ಮೊದಲು ಆಸ್ಪತ್ರೆಯೊಳಗಿನ ಯಂತ್ರದಲ್ಲಿ ಉಳಿದು, ನೆಟ್ ಬಂದಾಗ ಮೇಲೆ ಹೋಗಬೇಕು. ಕೊಳ್ಳುವ ಮೊದಲು ಪರೀಕ್ಷೆ ಸುಲಭ: ಮಾರಲು ಬಂದವರ ಎದುರೇ ನೆಟ್ ಕೇಬಲ್ ಕಿತ್ತು, ಮೂರು ರೋಗಿಯ ಚೀಟಿ ಮಾಡಿ ಅಚ್ಚು ತೆಗೆಯಲು ಹೇಳಿ. ಪೂರ್ತಿ ಕೈಕೊಟ್ಟ ದಿನಕ್ಕೆ ಕಾಗದದ ನಮೂನೆ ಅಚ್ಚು ಹಾಕಿ ಇಟ್ಟಿರಲಿ, ಪರದೆಯ ಕ್ರಮದಲ್ಲೇ, ಕ್ರಮಸಂಖ್ಯೆಯ ಸಮೇತ. ಮಾರನೇ ದಿನ ಅದರಿಂದ ಐದನ್ನಷ್ಟೇ ಒಳಗೆ ಹಾಕಿ: ರೋಗ, ಮದ್ದು, ಅಲರ್ಜಿ, ಹೇಳಿದ ಪರೀಕ್ಷೆ, ಮತ್ತೆ ಬರುವ ದಿನ. ಉಳಿದದ್ದು ಕಾಗದದ ಫೋಟೋ ಆಗಿ ಇರಲಿ.

ಮಳೆಗಾಲದಲ್ಲಿ ಕಾಗದ ತೇವ ಹೀರಿ ಪ್ರಿಂಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒಡೆದ ಕಟ್ಟನ್ನು ಮುಚ್ಚಳ ಇರುವ ಡಬ್ಬದಲ್ಲಿಟ್ಟು ಆ ದಿನಕ್ಕೆ ಬೇಕಾದಷ್ಟೇ ಹೊರಗೆ ತೆಗೆಯಿರಿ. ಕಾರವಾರ, ಅಂಕೋಲೆಯ ಕಡಲ ಗಾಳಿಗೆ ಕೇಬಲ್ ತುದಿಗಳು ಕಿಲುಬು ಹಿಡಿಯುತ್ತವೆ. ಹೆಚ್ಚುವರಿ ಕೇಬಲ್, ಮೌಸ್, ಕೀಬೋರ್ಡ್ ಕಪಾಟಿನಲ್ಲಿರಲಿ. ಬಿಲ್ಲಿನಂಥ ಥರ್ಮಲ್ ಕಾಗದದಲ್ಲಿ ಮದ್ದಿನ ಚೀಟಿ ಕೊಡಬೇಡಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸೆಕೆಗೆ ಅಕ್ಷರ ಮಾಸುತ್ತದೆ. ಇಸಿಜಿಯ ಕಾಗದವೂ ಸಾಮಾನ್ಯವಾಗಿ ಅದೇ ಜಾತಿ. ತೆಗೆದ ಹೊತ್ತಿಗೇ ಫೋಟೋ ಮಾಡಿ ದಾಖಲೆಗೆ ಅಂಟಿಸಿದರೆ, ವರ್ಷ ಬಿಟ್ಟು ಬರುವ ಎದೆನೋವಿನ ದಿನ ಹೋಲಿಸಿ ನೋಡಲು ಹಳೆಯದೊಂದು ಸಿಗುತ್ತದೆ.

ಕೋಣೆಯಲ್ಲಿ ಪರದೆ ಎಲ್ಲಿದೆ ನೋಡಿ. ವೈದ್ಯರಿಗೂ ರೋಗಿಗೂ ನಡುವೆ ಗೋಡೆಯ ಹಾಗೆ ನಿಂತಿದ್ದರೆ ರೋಗಿ ಕಂಪ್ಯೂಟರಿನ ಬೆನ್ನಿಗೆ ಕಷ್ಟ ಹೇಳಬೇಕಾಗುತ್ತದೆ. ಮೇಜಿನ ಬದಿಗೆ ಓರೆಯಾಗಿ ಇಟ್ಟರೆ ಮೂವರೂ ಒಂದು ತ್ರಿಕೋನ. ಬಿಪಿಯ ಗೆರೆ ಇಳಿದದ್ದನ್ನು ರೋಗಿಗೂ ತೋರಿಸಬಹುದು. ಬಾಗಿಲಲ್ಲಿ ನಿಂತ ಮುಂದಿನ ನಾಲ್ವರಿಗೆ ಮಾತ್ರ ಅದು ಕಾಣಬಾರದು. ಕ್ಷಯವೋ ಮಾನಸಿಕ ಚಿಕಿತ್ಸೆಯೋ ನಡೆಯುತ್ತಿದೆ ಎಂಬ ಸುದ್ದಿ ಸಣ್ಣ ಊರಿನಲ್ಲಿ ರೋಗಿಗಿಂತ ಮೊದಲೇ ಮನೆ ಮುಟ್ಟುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೊಣೆಯಿಂದ ಆಸ್ಪತ್ರೆಯೂ ಹೊರತಲ್ಲ. ಆದರೂ ಒಂದೇ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುವುದು ತಪ್ಪಿಲ್ಲ. ಬೈದು ಪ್ರಯೋಜನವಿಲ್ಲ: ಒಳಗೆ ಹೋಗಲು 40 ಸೆಕೆಂಡು, 5 ನಿಮಿಷ ಮುಟ್ಟದಿದ್ದರೆ ಹೊರಗೆ ಹಾಕುತ್ತದೆ ಎಂದಾದರೆ ಯಾರಾದರೂ ಹಾಗೇ ಮಾಡುತ್ತಾರೆ. ಬೆರಳಚ್ಚು ಅಥವಾ ನಾಲ್ಕಂಕಿಯ ಪಿನ್‌ನಿಂದ ಎರಡು ಸೆಕೆಂಡಿನಲ್ಲಿ ಬಳಕೆದಾರರು ಬದಲಾಗುವಂತೆ ಮಾಡಿದರೆ ಚೀಟಿ ತಾನಾಗಿ ಕಿತ್ತುಹೋಗುತ್ತದೆ.

ನಮ್ಮ ಜಿಲ್ಲೆಯ ಇನ್ನೊಂದು ಗುಣ, ದೊಡ್ಡ ಕಾಯಿಲೆಗೆ ಹೊರಗೆ ಹೋಗುವುದು. ಶಿರಸಿಯವರು ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿಗೆ, ಭಟ್ಕಳ ಹೊನ್ನಾವರದವರು ಮಣಿಪಾಲ ಮಂಗಳೂರಿಗೆ, ಕಾರವಾರದವರು ಗೋವಾಕ್ಕೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಶುರುವಾದದ್ದೇ, ದಾಖಲೆ ರೋಗಿಯ ಒಪ್ಪಿಗೆಯಿಂದ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗಲಿ ಎಂದು. ಎರಡೂ ಕಡೆಯ ತಂತ್ರಾಂಶ ಜೋಡಣೆಯಾಗಿದ್ದರೆ ಅದು ಆಗುತ್ತದೆ. ಆಗುವ ತನಕ ಒಂದು ಪುಟದ ರೆಫರ್ ಚೀಟಿ ಒಂದೇ ಒತ್ತಿಗೆ ಅಚ್ಚಾಗಬೇಕು: ಇರುವ ಕಾಯಿಲೆಗಳು, ಈಗಿನ ಮದ್ದು, ಅಲರ್ಜಿ, ಹಿಂದಿನ ಮೂರು ಕ್ರಿಯಾಟಿನಿನ್, ಕಳಿಸಲು ಕಾರಣ. ಇದನ್ನು ಕೈಯಲ್ಲಿ ಬರೆಯಲು ಆರೇಳು ನಿಮಿಷ ಹಿಡಿಯುತ್ತದೆ. ಇಎಂಆರ್ ಬೇಡವೇ ಬೇಡ ಎನ್ನುವ ಹಿರಿಯ ವೈದ್ಯರಿಗೆ ಮೊದಲು ತೋರಿಸಬೇಕಾದ್ದು ಈ ಪುಟವನ್ನೇ.

ಸರ್ಕಾರಿ ಕಡೆಯವರ ಕಷ್ಟ ಬೇರೆ. ಒಂದೊಂದಕ್ಕೆ ಒಂದೊಂದು ಸರ್ಕಾರಿ ಪೋರ್ಟಲ್ಲು: ಕ್ಷಯಕ್ಕೆ ನಿಕ್ಷಯ್, ಬಾಣಂತಿ ಮಗುವಿಗೆ ಆರ್‌ಸಿಎಚ್, ಬಿಪಿ ಶುಗರಿಗೆ ಎನ್‌ಸಿಡಿ ಪೋರ್ಟಲ್, ಅದರ ಮೇಲೆ ರಿಜಿಸ್ಟರ್ ಪುಸ್ತಕ. ಅದೇ ಹೆಸರು, ಅದೇ ವಯಸ್ಸು ನಾಲ್ಕು ಸಲ. ಇದರ ಮೇಲೆ ಐದನೆಯದಾಗಿ ಬರುವ ಇಎಂಆರ್‌ಗೆ ಯಾರು ಆರತಿ ಎತ್ತುತ್ತಾರೆ? ಕಾನೂನಿನ ಪ್ರಕರಣಗಳ ರಿಜಿಸ್ಟರ್ ಕಾಗದದಲ್ಲೇ ಇರಲಿ. ಉಳಿದ ಪುಸ್ತಕಗಳಲ್ಲಿ ಯಾವುದು ಯಾವ ತಾರೀಖಿಗೆ ನಿಲ್ಲುತ್ತದೆ ಎಂಬ ಲಿಖಿತ ಆದೇಶ ಮೊದಲ ದಿನವೇ ಗೋಡೆಯ ಮೇಲಿರಬೇಕು. ಕಾಗದವೂ ಕಂಪ್ಯೂಟರೂ ಜೊತೆಯಾಗಿ ನಾಲ್ಕು ವಾರಕ್ಕಿಂತ ಹೆಚ್ಚು ನಡೆದರೆ ಸೋಲುವುದು ಕಂಪ್ಯೂಟರೇ.

ಶುರು ಯಾವಾಗ ಮಾಡಬೇಕು? ಜೂನ್ ಬೇಡ, ಜ್ವರದ ಸಾಲು ಮತ್ತು ಕರೆಂಟಿನ ಕಾಟ. ಮಾರಿಕಾಂಬಾ ಜಾತ್ರೆಯ ವಾರವಂತೂ ಬೇಡ. ದಸರಾ ಕಳೆದು ಅಡಿಕೆ ಕೊನೆಕೊಯ್ಲಿನ ಗಡಿಬಿಡಿ ಏರುವ ಮೊದಲಿನ ಮೂರು ನಾಲ್ಕು ವಾರ ಚಲೋ. ಬಿಪಿ ಶುಗರ್ ಕ್ಲಿನಿಕ್ಕಿನಿಂದ ಆರಂಭಿಸಿ, ಯಾಕೆಂದರೆ ಆ ರೋಗಿಗಳು ತಿಂಗಳೊಳಗೆ ಮತ್ತೆ ಬರುತ್ತಾರೆ, ಎರಡನೇ ಭೇಟಿಯ ಲಾಭ ಬೇಗ ಕಾಣುತ್ತದೆ. ಒಬ್ಬ ವೈದ್ಯರು, ದಿನಕ್ಕೆ 20 ರೋಗಿಗಳು, ಎರಡು ವಾರ. ಮೊದಲು ಮದ್ದಿನ ಚೀಟಿ ಮತ್ತು ಲ್ಯಾಬ್ ಫಲಿತಾಂಶ ಮಾತ್ರ. ರೋಗದ ವಿವರ ಕೈಯಲ್ಲೇ ಬರೆಯಲಿ, ಫೋಟೋ ಹಿಡಿಯೋಣ. ಆ ಎರಡು ವಾರ ತಂತ್ರಾಂಶ ಗೊತ್ತಿರುವ ಒಬ್ಬರು ಪಕ್ಕದಲ್ಲೇ ಕೂತಿರಬೇಕು. ಭಾನುವಾರದ ಒಂದು ದಿನದ ತರಬೇತಿ ಸೋಮವಾರ ಹತ್ತು ಗಂಟೆಗೆ ಮರೆತಿರುತ್ತದೆ.

ಒಪ್ಪಿದರೋ ಇಲ್ಲವೋ ಎಂದು ತಿಳಿಯಲು ಪ್ರಶ್ನಾವಳಿ ಹಂಚಬೇಡಿ, ಎಲ್ಲರೂ ಚೆನ್ನಾಗಿದೆ ಎಂದೇ ಬರೆಯುತ್ತಾರೆ. ಗಡಿಯಾರ ಹಿಡಿಯಿರಿ: ಶುರುವಿಗೆ ಮೊದಲು 30 ರೋಗಿ, ಎರಡು ತಿಂಗಳ ನಂತರ 30 ರೋಗಿ, ಕೂತದ್ದರಿಂದ ಎದ್ದದ್ದರ ತನಕ. ಹಳೆ ಚೀಟಿ ಮತ್ತೆ ಬರೆಯಲು ಎಷ್ಟು ಒತ್ತು ಎಣಿಸಿ. ರೋಗನಿರ್ಣಯದಲ್ಲಿ "ಇತರೆ" ಎಷ್ಟು ನೋಡಿ. ಅರ್ಧಕ್ಕರ್ಧ ಇತರೆ ಎಂದಿದ್ದರೆ ದೋಷ ವೈದ್ಯರದ್ದಲ್ಲ, ಪಟ್ಟಿಯದು. ಮಧ್ಯಾಹ್ನ ಎರಡರ ನಂತರ ದಾಖಲಾದ ಬೆಳಗಿನ ಭೇಟಿಗಳು ಎಷ್ಟು ಎಂದೂ ನೋಡಿ. ಅವು ಹೆಚ್ಚಿದ್ದರೆ ವೈದ್ಯರು ರೋಗಿಯ ಎದುರು ಕಾಗದದಲ್ಲೇ ಬರೆದು, ಆಮೇಲೆ ಬೇರೆ ಯಾರೋ ತುಂಬುತ್ತಿದ್ದಾರೆ ಎಂದು ಅರ್ಥ. ಹಾಗಾದಾಗ ಎಚ್ಚರಿಕೆ ಸೂಚನೆ ಯಾವುದೂ ಮದ್ದು ಬರೆಯುವವರ ಕಣ್ಣಿಗೆ ಬೀಳುವುದೇ ಇಲ್ಲ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲೇ ಸೇರಿಸಿದ್ದೇವೆ.

"ಮಾತಾಡಿದ್ದನ್ನು ಯಂತ್ರವೇ ಬರೆದುಕೊಳ್ಳುವ ವ್ಯವಸ್ಥೆ ಬಂದಿದೆಯಲ್ಲ, ಟೈಪಿಂಗ್ ಯಾಕೆ?" ವೈದ್ಯರೇ ಶಾಂತ ಕೋಣೆಯಲ್ಲಿ ಇಂಗ್ಲಿಷಿನಲ್ಲಿ ಹೇಳಿ ಬರೆಸುವುದಕ್ಕೆ ಅದು ಈಗಲೇ ಉಪಯೋಗಕ್ಕೆ ಬರುತ್ತದೆ. ಫ್ಯಾನ್ ಸದ್ದು, ಮಗುವಿನ ಅಳು, ಒಂದೇ ವಾಕ್ಯದಲ್ಲಿ ಹವ್ಯಕ ಕನ್ನಡ, ಇಂಗ್ಲಿಷ್, ಕೊಂಕಣಿ ಬೆರೆಯುವ ಓಪಿಡಿಯಲ್ಲಿ ಹದಿನೈದು ಮತ್ತು ಐವತ್ತರ ಇಂಗ್ಲಿಷ್ ಹೆಸರುಗಳು ಅದಲುಬದಲಾದರೆ ಮದ್ದಿನ ಪ್ರಮಾಣವೇ ಬದಲು. ವಿವರಕ್ಕೆ ಬಳಸಿ, ಮದ್ದು ಮತ್ತು ಅಂಕಿಗೆ ಬೇಡ. ರೋಗಿಯ ಮಾತು ಧ್ವನಿಮುದ್ರಣ ಆಗುತ್ತಿದ್ದರೆ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು.

"ಹಳೆ ಫೈಲುಗಳನ್ನೆಲ್ಲ ಸ್ಕ್ಯಾನ್ ಮಾಡಬೇಕಾ?" ಬೇಡ. ಕಪಾಟಿನಲ್ಲಿರುವ ಬಹುಪಾಲು ರೋಗಿಗಳು ಮತ್ತೆ ಬರುವವರಲ್ಲ. ಬಂದವರದ್ದು ಮಾತ್ರ, ಬಂದ ದಿನವೇ, ನಾಲ್ಕು ಸಾಲು ಒಳಗೆ ಹಾಕಿ: ಕಾಯಿಲೆ, ಈಗಿನ ಮದ್ದು, ಅಲರ್ಜಿ, ಕೊನೆಯ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ಮತ್ತು ಕ್ರಿಯಾಟಿನಿನ್. ಆರು ತಿಂಗಳಿನಲ್ಲಿ ನಿಜಕ್ಕೂ ಬೇಕಾದ ದಾಖಲೆಗಳ ದೊಡ್ಡ ಭಾಗ ಹೀಗೇ ಒಳಗೆ ಬಂದಿರುತ್ತದೆ. ಒಳರೋಗಿಗಳ ಕಾಗದವನ್ನು ಮಾತ್ರ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ 3 ವರ್ಷ ಇಡಲೇಬೇಕು, ರೋಗಿಯೋ ಅವರ ಪರವಾಗಿ ಅಧಿಕಾರ ಇರುವವರೋ ಕಾನೂನು ಅಧಿಕಾರಿಗಳೋ ಕೇಳಿದರೆ 72 ತಾಸಿನೊಳಗೆ ಕೊಡಬೇಕು. ಕೋರ್ಟಿನಲ್ಲಿರುವ ಪ್ರಕರಣದ ಫೈಲನ್ನು ಅದು ಮುಗಿಯುವ ತನಕ ಮುಟ್ಟುವಂತಿಲ್ಲ. ಆ ಕಪಾಟು ನೆಲದಿಂದ ಒಂದಡಿ ಮೇಲಿರಲಿ, ಗೋಡೆಗೆ ತಾಗದೇ ಇರಲಿ. ಗೆದ್ದಲು ಮೂರು ವರ್ಷ ಕಾಯುವುದಿಲ್ಲ.